ಅಧ್ಯಾಪಕನಿಗೆ ಸಂಭಾವನೆ

ಈ ಭಾಷಣಕ್ಕಾಗಿ ಆಕಾಶವಾಣಿಯಿಂದ ನನಗೆ ಬಂದ ಕರಾರುಪತ್ರದಲ್ಲಿ ‘ಸಂಭಾವನೆ’ ಎಂಬ ಒಂದು ಮಾತಿತ್ತು. ಅದರ ಮುಂದೆ ಒಂದು ಮೊತ್ತ. ಮೊತ್ತವನ್ನು ನೋಡಿ ಕಣ್ಣು ಮುಂದೆ ಹೋದರೂ ಮನಸ್ಸು ಆ ಮಾತಿನ ಹತ್ತಿರವೇ ನಿಂತಿತು. ಮಾಡಿದ ಕೆಲಸಕ್ಕೆ ಕೊಡುವ ಹಣ ಎಂಬುದು ಈಗ ಅದಕ್ಕೆ ನಾವು ಹೇಳುವ ಅರ್ಥ. ಮೂಲದಲ್ಲಿ ಅದು ಒಬ್ಬನನ್ನು ಯೋಗ್ಯನೆಂದು ಭಾವಿಸಿ ಆದರಿಸುವುದು. ಹಿಂದೆ ನಮ್ಮ ಮನೆಗಳಲ್ಲಿ ಶುಭಕಾರ್ಯ ಮುಗಿದ ಮೇಲೆ ತಾಂಬೂಲದೊಂದಿಗೆ ಕಾಸನ್ನಿಟ್ಟು ಕೈಮುಗಿದು ಕೊಡುತ್ತಿದ್ದಾಗ ಈ ಎರಡು ಅರ್ಥಗಳೂ ಒಂದೇ ತಟ್ಟೆಯಲ್ಲಿದ್ದವು. ಕಾಲಕ್ರಮದಲ್ಲಿ ಕಾಸು ಉಳಿಯಿತು, ಭಾವ ಹಿಂದೆ ಸರಿಯಿತು.

ಕನ್ನಡ ಸಾಹಿತ್ಯದ ಓದುಗರಿಗೆ ಈ ಮಾತು ಇನ್ನೊಂದು ನೆನಪನ್ನೂ ತರುತ್ತದೆ. 1941ರಲ್ಲಿ ಬಿ. ಎಂ. ಶ್ರೀಕಂಠಯ್ಯನವರಿಗೆ ಅವರ ಶಿಷ್ಯರೂ ಮಿತ್ರರೂ ಸೇರಿ ಒಂದು ಗ್ರಂಥವನ್ನು ಅರ್ಪಿಸಿದರು. ಅದರ ಹೆಸರೇ ‘ಸಂಭಾವನೆ’. ಕನ್ನಡದ ಅಭಿನಂದನ ಗ್ರಂಥಗಳಲ್ಲಿ ಅದನ್ನೇ ಮೊದಲಿನದೆಂದು ಎಣಿಸುವುದು ರೂಢಿ. ಗೌರವ ಪಡೆದವರು ಇಂಗ್ಲಿಷ್ ಪ್ರಾಧ್ಯಾಪಕರು. ಗೌರವ ಸಂದದ್ದು ಕನ್ನಡದಲ್ಲಿ. ತರಗತಿಯಲ್ಲಿ ಇಂಗ್ಲಿಷ್ ಕಾವ್ಯವನ್ನು ಬೋಧಿಸುತ್ತಿದ್ದವರು, ಆ ಕಾವ್ಯದ ಸವಿಯನ್ನು ಕನ್ನಡಕ್ಕೆ ತಂದವರು, 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದವರು ಅವರು. ಬೋಧನೆ, ವಿದ್ವತ್ತು, ನಾಡಿನ ಸೇವೆ — ಈ ಮೂರನ್ನೂ ಆ ಒಂದು ಜೀವನದಿಂದ ಬಿಡಿಸಿ ತೆಗೆಯುವುದು ಕಷ್ಟ.

ಇಂದು ವಿಶ್ವವಿದ್ಯಾನಿಲಯಗಳು ತಮ್ಮ ಅಧ್ಯಾಪಕರನ್ನು ಗೌರವಿಸುವಾಗ ಈ ಮೂರನ್ನು ಬಿಡಿಸಿಯೇ ನೋಡುತ್ತವೆ. ಶ್ರೇಷ್ಠ ಬೋಧಕ, ಶ್ರೇಷ್ಠ ಸಂಶೋಧಕ, ಶ್ರೇಷ್ಠ ಸೇವಕ ಎಂದು ಬೇರೆಬೇರೆ ಪ್ರಶಸ್ತಿಗಳು ಏರ್ಪಟ್ಟಿವೆ. ಇಂತಹ ಗೌರವ ಎಲ್ಲಿಂದ ಬಂದಿತು, ಯಾವುದನ್ನು ಅದು ಅಳೆಯಬಲ್ಲದು, ಯಾವುದು ಅದರ ಅಳತೆಗೆ ಸಿಕ್ಕುವುದಿಲ್ಲ ಎಂಬುದನ್ನು ಇಂದು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ. ಹಾಗೆ ಮಾಡುವಾಗ ನನ್ನದೇ ಒಂದು ತಪ್ಪನ್ನೂ ಹೇಳಿಕೊಳ್ಳಬೇಕಾಗಿದೆ.

ನಮ್ಮ ನಾಡಿನಲ್ಲಿ ಕಲಿಸುವವರನ್ನು ಸಮಾಜ ಬಹಿರಂಗವಾಗಿ ಆದರಿಸಿದ ದಾಖಲೆಗಳು ಹಳೆಯವು. ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ.ಶ. 1058ರ ಶಾಸನವನ್ನು ನೋಡಬಹುದು. ಚಾಲುಕ್ಯರ ಕಾಲದ ಆ ಘಟಿಕಾಸ್ಥಾನದಲ್ಲಿ ವೇದವನ್ನು ಓದುವ ಇನ್ನೂರು ವಿದ್ಯಾರ್ಥಿಗಳಿದ್ದರು. ಶಾಸ್ತ್ರವನ್ನು ಓದುವವರು ಬೇರೆ. ಅವರಿಗೆ ಪಾಠಹೇಳುವ ಉಪಾಧ್ಯಾಯರಿಗೆ ಭೂಮಿಯನ್ನು ಬಿಟ್ಟುಕೊಟ್ಟ ವಿವರ ಕಲ್ಲಿನಲ್ಲಿದೆ. ಅದಕ್ಕಿಂತ ನನ್ನನ್ನು ಹೆಚ್ಚಾಗಿ ಸೆಳೆದದ್ದು ಇನ್ನೊಂದು ಸಂಗತಿ. ಪುಸ್ತಕಗಳನ್ನು ಕಾಪಾಡುತ್ತಿದ್ದ ಆರು ಮಂದಿ ‘ಸರಸ್ವತೀ ಭಂಡಾರಿಗ’ರನ್ನೂ ಆ ಶಾಸನ ಮರೆಯಲಿಲ್ಲ. ಗ್ರಂಥಪಾಲಕನ ದುಡಿಮೆಯೂ ವಿದ್ಯೆಯ ದುಡಿಮೆಯೇ ಎಂಬ ತಿಳಿವಳಿಕೆ ಸಾವಿರ ವರ್ಷಗಳಷ್ಟು ಹಿಂದೆಯೇ ನಮ್ಮಲ್ಲಿತ್ತು. ಆ ದತ್ತಿ ಒಂದು ದಿನದ ಸನ್ಮಾನವಾಗಿರಲಿಲ್ಲ. ಕಲಿಸುವವನು ನಿಶ್ಚಿಂತನಾಗಿ ಕಲಿಸುತ್ತ ಹೋಗಲೆಂದು ಮಾಡಿದ ಏರ್ಪಾಡು.

ಹೊಸಗಾಲದ ವಿಶ್ವವಿದ್ಯಾನಿಲಯಗಳೊಡನೆ ಗೌರವದ ಹೊಸ ರೀತಿಗಳೂ ಬಂದವು. ಹಿರಿಯ ಪ್ರಾಧ್ಯಾಪಕರಿಗೆ ಅವರ ಶಿಷ್ಯರು ತಮ್ಮ ಸಂಶೋಧನ ಲೇಖನಗಳನ್ನೇ ಕಾಣಿಕೆಯಾಗಿ ಒಪ್ಪಿಸುವ ಪದ್ಧತಿ ಜರ್ಮನಿಯ ವಿದ್ಯಾಪೀಠಗಳಲ್ಲಿ ಬೆಳೆದು ಇತರ ದೇಶಗಳಿಗೆ ಹರಡಿತು. ನಮ್ಮ ದೇಶದಲ್ಲಿ 1917ರಲ್ಲಿ, ರಾಮಕೃಷ್ಣ ಗೋಪಾಲ ಭಂಡಾರಕರರಿಗೆ ಎಂಬತ್ತು ತುಂಬಿದಾಗ, ಅಂತಹ ಒಂದು ಲೇಖನ ಸಂಪುಟ ಅರ್ಪಿತವಾಯಿತು. ಅದೇ ಜುಲೈ 6ರಂದು ಅವರ ಹೆಸರಿನ ಸಂಶೋಧನ ಮಂದಿರ ಪುಣೆಯಲ್ಲಿ ಪ್ರಾರಂಭವಾಯಿತು. ಕನ್ನಡದಲ್ಲಿ ‘ಸಂಭಾವನೆ’ಯ ತರುವಾಯ 1956ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳಿಗೆ ‘ಅಭಿವಂದನೆ’ ಸಂದಿತು. ಮುಂದೆ ಈ ಗ್ರಂಥಗಳು ಹೆಚ್ಚಿದವು, ದಪ್ಪವಾದವು. ಕೆಲವದರಲ್ಲಿ ಹೊಗಳಿಕೆಯೇ ತುಂಬಿ ವಿದ್ವತ್ತಿಗೆ ಜಾಗ ಸಾಲದೆಯೂ ಹೋಯಿತು. ಆದರೂ ಮೂಲದ ಭಾವನೆ ಸೊಗಸಾದುದು. ಗುರುವಿಗೆ ಶಿಷ್ಯನು ಕೊಡಬಹುದಾದ ತಕ್ಕ ಕಾಣಿಕೆ ಗುರುವಿನಿಂದ ಕಲಿತು ತಾನು ಮಾಡಿದ ಕೆಲಸ. ‘ನಿಮ್ಮ ಹೊಲದಲ್ಲಿ ಇಷ್ಟು ಬೆಳೆಯಿತು, ನೋಡಿ’ ಎಂದು ರಾಶಿಯನ್ನು ಮುಂದಿಟ್ಟ ಹಾಗೆ.

ಈಗ ಮೂರು ಗುಣಗಳನ್ನು ಒಂದೊಂದಾಗಿ ನೋಡೋಣ. ಮೊದಲು ಸಂಶೋಧನೆ, ಏಕೆಂದರೆ ಮೂರರಲ್ಲಿ ಅದು ಕಣ್ಣಿಗೆ ಸುಲಭವಾಗಿ ಕಾಣುವಂತಹುದು. ಪುಸ್ತಕ ಕೈಯಲ್ಲಿ ಸಿಕ್ಕುತ್ತದೆ. ಅದರ ಬೆಲೆಯನ್ನು ಬಲ್ಲವರು ಹೇಳಬಲ್ಲರು. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ‘ವಡ್ಡಾರಾಧನೆ’ಯನ್ನು ಪರಿಷ್ಕರಿಸಿ ಪ್ರಕಟಿಸಿದರು. ಓಲೆಯ ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ಗುರುತಿಸಿ, ಲಿಪಿಕಾರನ ಕೈತಪ್ಪು ಯಾವುದು ಕವಿಯ ಮಾತು ಯಾವುದು ಎಂದು ತೂಗಿನೋಡುವ ಕೆಲಸ ಅದು. ಆ ಕೆಲಸದ ಶಾಸ್ತ್ರವನ್ನೇ ಅವರು 1964ರಲ್ಲಿ ‘ಕನ್ನಡ ಗ್ರಂಥಸಂಪಾದನೆ’ ಎಂಬ ಪುಸ್ತಕವಾಗಿ ಬರೆದರು. ಕನ್ನಡ ಎಂ.ಎ. ಓದಿದ ನಮ್ಮ ತಲೆಮಾರಿನವರಲ್ಲಿ ಆ ಪುಸ್ತಕದ ಮುಂದೆ ಕುಳಿತು ಬೆವರದವರು ಕಡಮೆ. ಇಂತಹ ಸಂಶೋಧನೆಯನ್ನು ಗುರುತಿಸುವುದು ಕಷ್ಟವಲ್ಲ. ಅದಕ್ಕೆ ಬೇಕಾದ ಕಾಲವನ್ನು ಕೊಡುವುದು ಕಷ್ಟ. ವರ್ಷಕ್ಕೆ ಇಷ್ಟು ಲೇಖನಗಳೆಂದು ಎಣಿಸುವವರ ಮುಂದೆ, ಒಂದು ಹಳೆಯ ಗ್ರಂಥದೊಡನೆ ಹತ್ತು ವರ್ಷ ಕಳೆಯುವವನು ಒಂಬತ್ತು ವರ್ಷ ಬರಿಗೈಯಲ್ಲಿ ನಿಂತಿರಬೇಕಾಗುತ್ತದೆ.

ಎರಡನೆಯದು ಸೇವೆ. ಈ ಮಾತು ಬಹಳ ಸವೆದಿದೆ. ಸಮಿತಿಗಳಲ್ಲಿ ಕುಳಿತದ್ದನ್ನೆಲ್ಲ ನಾವು ಸೇವೆಯೆಂದು ಬರೆದುಕೊಳ್ಳುತ್ತೇವೆ. ನಿಜವಾದ ಸೇವೆಗೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನೀವು ಈಗ ನನ್ನ ಮಾತನ್ನು ಕೇಳುತ್ತಿರುವುದಕ್ಕೆ ಆಧಾರವಾದ ಹೆಸರೇ ಅದಕ್ಕೆ ಸಾಕ್ಷಿ. ಮೈಸೂರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ನಡೆಸತೊಡಗಿದರು. ಆ ಪುಟ್ಟ ಕೇಂದ್ರದ ಹೆಸರು ‘ಆಕಾಶವಾಣಿ’. 1957ರಲ್ಲಿ ಅದೇ ಹೆಸರು ಇಡೀ ದೇಶದ ಬಾನುಲಿಗೆ ಸಂದಿತು. ಅಧ್ಯಾಪಕನೊಬ್ಬನ ಮನೆಯ ಕೋಣೆಯಿಂದ ಹೊರಟ ಮಾತು ಅಷ್ಟು ದೂರ ನಡೆಯಿತು.

ಅಂಥದೇ ಇನ್ನೊಂದು ಕೆಲಸ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು. ಭೌತವಿಜ್ಞಾನವನ್ನೋ ಅರ್ಥಶಾಸ್ತ್ರವನ್ನೋ ಇಂಗ್ಲಿಷಿನಲ್ಲಿ ಬೋಧಿಸುತ್ತಿದ್ದವರು ಊರೂರಿಗೆ ಹೋಗಿ, ಕಾಲೇಜಿನ ಮೆಟ್ಟಿಲು ಹತ್ತದವರ ಮುಂದೆ ನಿಂತು ಕನ್ನಡದಲ್ಲಿ ಮಾತನಾಡಿದರು. ಆ ಮಾತುಗಳು ಅಂಗೈಯಗಲದ ಪುಸ್ತಿಕೆಗಳಾಗಿ ಅಚ್ಚಾದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕೃಷ್ಣಶಾಸ್ತ್ರಿಗಳು 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದ್ದು, ಮುಂದೆ ಜಿ. ಪಿ. ರಾಜರತ್ನಂ ಅವರು ವಿದ್ಯಾರ್ಥಿ ಲೇಖಕರನ್ನು ಬೆನ್ನುತಟ್ಟಿ ಬೆಳೆಸಿದ್ದು ಇದೇ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ಯಾವುದನ್ನೂ ಯಾವ ನೌಕರಿಯ ನಿಯಮವೂ ಅವರಿಂದ ಕೇಳಿರಲಿಲ್ಲ.

ಮೂರನೆಯದು ಬೋಧನೆ. ಕಷ್ಟವಿರುವುದೆಲ್ಲ ಇಲ್ಲಿ. ಪಾಠ ಮುಗಿದು ಗಂಟೆ ಬಾರಿಸಿದೊಡನೆ ಕರಿಹಲಗೆಯನ್ನು ಒರೆಸಿಬಿಡುತ್ತಾರೆ. ಅಧ್ಯಾಪಕ ಆಡಿದ ಮಾತು ಗಾಳಿಯಲ್ಲಿ ಸೇರಿಹೋಗುತ್ತದೆ. ಕೆಲವೊಮ್ಮೆ ಆ ಮಾತೇ ಪುಸ್ತಕವಾಗುವ ಪುಣ್ಯವೂ ಇರುತ್ತದೆ. ಎಂ. ಹಿರಿಯಣ್ಣನವರು 1932ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳ ಗ್ರಂಥ, ಅವರು ಮೈಸೂರಿನಲ್ಲಿ ವರ್ಷಗಳ ಕಾಲ ಹೇಳಿದ ಪಾಠಗಳಿಂದ ಮೂಡಿದ್ದು. ಅದನ್ನು ಓದುವವನು ಇಂದಿಗೂ ಅವರ ತರಗತಿಯಲ್ಲಿ ಕುಳಿತಿರುತ್ತಾನೆ. ಆದರೆ ಬಹುಮಂದಿ ಒಳ್ಳೆಯ ಬೋಧಕರಿಗೆ ಈ ಭಾಗ್ಯವಿಲ್ಲ. ಅವರ ಕೃತಿಗಳು ನಡೆದಾಡುವ ಮನುಷ್ಯರು. ಅವರು ಎಲ್ಲೆಲ್ಲಿಗೆ ಹೋದರು, ಏನಾದರು ಎಂಬುದಕ್ಕೆ ಯಾವ ಗ್ರಂಥಸೂಚಿಯೂ ಇಲ್ಲ.

ಆಡಳಿತ ಈ ತೊಡಕನ್ನು ಬಿಡಿಸಲು ಪ್ರಯತ್ನಿಸಿಲ್ಲವೆಂದು ಹೇಳಲಾರೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2010ರ ನಿಯಮಗಳು ಅಧ್ಯಾಪಕರ ಕೆಲಸವನ್ನು ಮೂರು ವರ್ಗಗಳಾಗಿ ವಿಂಗಡಿಸಿ ಒಂದೊಂದಕ್ಕೂ ಅಂಕಗಳನ್ನು ಗೊತ್ತುಮಾಡಿದವು: ಬೋಧನೆ ಮತ್ತು ಮೌಲ್ಯಮಾಪನ, ಪಠ್ಯೇತರ ಹಾಗೂ ವಿಸ್ತರಣ ಕಾರ್ಯ, ಸಂಶೋಧನೆ. ಮನಬಂದಂತೆ ಬಡ್ತಿ ಕೊಡುವುದನ್ನು ತಡೆಯಬೇಕೆಂಬುದು ಅದರ ಹಿಂದಿದ್ದ ಒಳ್ಳೆಯ ಉದ್ದೇಶ. ಆದರೆ ಅಂಕಕ್ಕೆ ದಾಖಲೆ ಬೇಕು, ದಾಖಲೆ ಅಚ್ಚಾದ ಕಾಗದವಾಗಿರಬೇಕು. ಜೀವಮಾನವೆಲ್ಲ ಅಂಕ ಕೊಡುತ್ತಿದ್ದ ನಾವು ಅಂಕ ಕೂಡಿಸಿಕೊಳ್ಳುವವರಾದೆವು. ನಾಯಿಕೊಡೆಗಳಂತೆ ಎದ್ದ ನಿಯತಕಾಲಿಕಗಳಿಗೆ ಹಣ ಕಟ್ಟಿ ಲೇಖನ ಅಚ್ಚುಮಾಡಿಸಿದವರನ್ನೂ ನಾನು ಕಂಡಿದ್ದೇನೆ. 2018ರ ನಿಯಮಗಳು ಈ ಲೆಕ್ಕಾಚಾರವನ್ನು ಕೆಲಮಟ್ಟಿಗೆ ಸಡಿಲಿಸಿದವು. ಇನ್ನು ಪ್ರಶಸ್ತಿಗಳ ಮಾತು. ಶಾಲೆಯ ಉಪಾಧ್ಯಾಯರಿಗೆ ರಾಷ್ಟ್ರಪ್ರಶಸ್ತಿ 1958ರಿಂದಲೇ ಇದೆ. 1962ರಿಂದ ಸೆಪ್ಟೆಂಬರ್ 5 ಶಿಕ್ಷಕರ ದಿನವಾಗಿದೆ. ಉನ್ನತ ಶಿಕ್ಷಣದ ಅಧ್ಯಾಪಕರಿಗೆ ಆ ರಾಷ್ಟ್ರಪ್ರಶಸ್ತಿಯ ಬಾಗಿಲು ತೆರೆದದ್ದು 2023ರಲ್ಲಿ. ಅಷ್ಟು ತಡವಾದದ್ದೇಕೆ? ವಿಶ್ವವಿದ್ಯಾನಿಲಯದವನು ವಿದ್ವಾಂಸ, ಅವನಿಗೆ ಪುಸ್ತಕವೇ ಕೀರ್ತಿ ಎಂದು ನಾವೆಲ್ಲ ಭಾವಿಸಿದ್ದೆವು. ಅವನೂ ಉಪಾಧ್ಯಾಯನೆಂಬುದು ನಮಗೆ ಅಷ್ಟಾಗಿ ಹೊಳೆದಿರಲಿಲ್ಲ.

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ. ನಿವೃತ್ತನಾಗುವ ಕೆಲವು ವರ್ಷ ಮೊದಲು ಒಂದು ವಿಶ್ವವಿದ್ಯಾನಿಲಯದ ಶ್ರೇಷ್ಠ ಬೋಧಕ ಪ್ರಶಸ್ತಿಯ ಆಯ್ಕೆಗೆ ನೇಮಿಸಿದ್ದ ಮೂವರಲ್ಲಿ ನಾನೂ ಒಬ್ಬನಾಗಿದ್ದೆ. ಬಂದ ಅರ್ಜಿಗಳಲ್ಲಿ ಒಂದು ಬಹಳ ತೆಳ್ಳಗಿತ್ತು, ಮೂರೇ ಹಾಳೆ. ಅದು ಹಳಗನ್ನಡ ಪಾಠಹೇಳುತ್ತಿದ್ದ ಒಬ್ಬ ಅಧ್ಯಾಪಕರದು. ಅವರ ಹೆಸರು ಇಲ್ಲಿ ಬೇಡ. ಅವರ ಪಾಠವನ್ನು ನಾನು ಬಲ್ಲೆ. ಒಂದು ಕೆಲಸದ ನಿಮಿತ್ತ ಅವರ ಕಾಲೇಜಿಗೆ ಹೋಗಿದ್ದಾಗ ತರಗತಿಯ ಹೊರಗೆ ಮುಕ್ಕಾಲು ಗಂಟೆ ನಿಂತು ಕೇಳಿದ್ದೆ. ಒಂದು ಕಂದಪದ್ಯ. ಮೊದಲು ಛಂದಸ್ಸಿನ ನಡಿಗೆ ತಿಳಿಯುವಂತೆ ಓದಿಸಿದರು. ಎರಡನೆಯ ಸಲ ಪದಗಳನ್ನು ಬಿಡಿಸಿ ಓದಿಸಿದರು. ಮೂರನೆಯ ಸಲ ಅನ್ವಯ ಮಾಡಿ ಓದಿಸಿದರು. ಅಷ್ಟಾದರೂ ಅರ್ಥ ಹೇಳಲಿಲ್ಲ. ಸುಮ್ಮನೆ ಕಾಯುತ್ತ ನಿಂತರು. ಕೊನೆಯ ಬೆಂಚಿನ ಒಬ್ಬ ಹುಡುಗ, ‘ಸಾರ್, ಇಲ್ಲಿ ಅವನು ಅಳ್ತಾ ಇದಾನಾ, ಸಿಟ್ಟಾಗಿದಾನಾ?’ ಎಂದು ಕೇಳಿದ. ‘ಈಗ ಪಾಠ ಶುರುವಾಯಿತು’ ಎಂದರು ಅವರು.

ಇಷ್ಟನ್ನು ಕಂಡಿದ್ದ ನಾನು ಆಯ್ಕೆಯ ದಿನ ಏನು ಮಾಡಿದೆ? ಅರ್ಜಿಯ ನಮೂನೆಯಂತೆ ಅಂಕ ಹಾಕಿದೆ. ಪ್ರಕಟಿತ ಲೇಖನ: ಇಲ್ಲ. ವಿಚಾರಸಂಕಿರಣದಲ್ಲಿ ಪ್ರಬಂಧ ಮಂಡನೆ: ಎರಡು. ಬೋಧನೆಯ ಹೊಸ ವಿಧಾನಗಳಿಗೆ ಆಧಾರ: ಲಗತ್ತಿಸಿಲ್ಲ. ಉಳಿದಿಬ್ಬರು ಸದಸ್ಯರು ಅವರ ಪಾಠವನ್ನು ಕೇಳಿದವರಲ್ಲ. ಅವರ ಮೇಲೆ ದೋಷವಿಲ್ಲ. ಕೇಳಿದವನು ನಾನೊಬ್ಬನೇ. ‘ಕೇಳಿದ್ದೇನೆ’ ಎಂದು ಒಂದು ಮಾತು ಹೇಳಬಹುದಾಗಿತ್ತು. ಪಕ್ಷಪಾತವೆನ್ನಿಸೀತೆಂದು ಹೆದರಿ ಹೇಳಲಿಲ್ಲ. ಪ್ರಶಸ್ತಿ ಬೇರೊಬ್ಬರಿಗೆ ಹೋಯಿತು, ಅವರೂ ಯೋಗ್ಯರೇ. ಆದರೆ ನನ್ನ ಮೌನ ಯೋಗ್ಯವಾದುದಾಗಿರಲಿಲ್ಲ. ನಿಷ್ಪಕ್ಷಪಾತವೆಂದು ನಾನು ಅಂದುಕೊಂಡದ್ದು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವ ಸುಲಭದ ದಾರಿಯಾಗಿತ್ತು.

ಆಮೇಲೆ ಎರಡು ವರ್ಷ ಕಳೆದ ಮೇಲೆ ಒಂದು ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜಿಗೆ ಕನ್ನಡ ಸಂಘದ ಸಮಾರಂಭಕ್ಕೆಂದು ಹೋಗಿದ್ದೆ. ಸಮಾರಂಭಕ್ಕೆ ಇನ್ನೂ ಹೊತ್ತಿತ್ತು. ಪಕ್ಕದ ಕೊಠಡಿಯಲ್ಲಿ ಒಬ್ಬ ತರುಣಿ ಪಾಠಹೇಳುತ್ತಿದ್ದಳು. ಒಂದು ಸಲ ಛಂದಸ್ಸಿಗೆ, ಒಂದು ಸಲ ಪದಕ್ಕೆ, ಒಂದು ಸಲ ಅನ್ವಯಕ್ಕೆ. ಆಮೇಲೆ ಮೌನ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಯಾರ ಶಿಷ್ಯೆಯೆಂದು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ. ಆ ಹೆಸರನ್ನು ಹೇಳುವಾಗ ಅವಳ ಮುಖದಲ್ಲಿ ಕಂಡದ್ದನ್ನು ನಮ್ಮ ನಮೂನೆಯ ಯಾವ ಕಲಮಿನಲ್ಲಿ ಬರೆಯುವುದು?

ಮುಂದಿನ ವಾರ ಅವರ ಮನೆಗೆ ಹೋದೆ. ಅವರು ಅಷ್ಟರಲ್ಲಿ ನಿವೃತ್ತರಾಗಿದ್ದರು. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ನಕ್ಕರು. ‘ನೀವು ಕೊಟ್ಟ ಅಂಕ ಸರಿಯಾಗಿಯೇ ಇದೆ, ಬಿಡಿ. ಆ ಅರ್ಜಿಯನ್ನು ನಾನು ಬರೆದದ್ದೇ ತಪ್ಪು. ಹುಡುಗರು ಬಲವಂತಮಾಡಿದರು. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಳ್ಳುವ ಹಾಗೆ, ನಾನು ಒಳ್ಳೆಯ ಮೇಷ್ಟ್ರು ಎಂದು ನಾನೇ ಹೇಗೆ ಬರೆಯಲಿ? ಮೂರು ಹಾಳೆ ತುಂಬಿಸುವುದರಲ್ಲಿಯೇ ಸಾಕಾಯಿತು’ ಎಂದರು. ಆಮೇಲೆ ಸ್ವಲ್ಪ ತಡೆದು, ‘ಆ ಹುಡುಗಿ ಸುಮ್ಮನೆ ಕಾಯುತ್ತಾಳೆಯೆ? ಎಷ್ಟು ಹೊತ್ತು?’ ಎಂದು ಕೇಳಿದರು. ಪ್ರಶಸ್ತಿಯ ಮಾತಿಗೆ ಅರಳದಿದ್ದ ಕಣ್ಣು ಆ ಪ್ರಶ್ನೆಯನ್ನು ಕೇಳುವಾಗ ಅರಳಿತ್ತು.

ಹಾಗಾದರೆ ಪ್ರಶಸ್ತಿಗಳು ಬೇಡವೆ? ಬೇಡವೆನ್ನುವುದು ಸುಲಭ, ನಿವೃತ್ತನಾದವನಿಗೆ ಇನ್ನೂ ಸುಲಭ. ಯಾರನ್ನು ಗೌರವಿಸುತ್ತೇವೆಯೋ ಅವರ ಹಾಗೆ ಆಗಬೇಕೆಂದು ಕಿರಿಯರು ಬಯಸುತ್ತಾರೆ. ಲೇಖನ ಎಣಿಸುವವರನ್ನೇ ಗೌರವಿಸಿದರೆ ಎಣಿಸುವವರೇ ಹೆಚ್ಚುತ್ತಾರೆ. ಆದುದರಿಂದ ಗೌರವ ಇರಲಿ, ಕೊಡುವ ರೀತಿ ಬದಲಾಗಲಿ. ನನಗೆ ತೋರಿದ ಮೂರು ಮಾತುಗಳನ್ನು ಹೇಳುತ್ತೇನೆ.

ಮೊದಲನೆಯದು, ಅಧ್ಯಾಪಕನು ತನ್ನ ಗುಣವನ್ನು ತಾನೇ ಬಣ್ಣಿಸಿ ಅರ್ಜಿಹಾಕುವ ಪದ್ಧತಿ ಹೋಗಬೇಕು. ಬಲ್ಲವರು ಹೆಸರನ್ನು ಸೂಚಿಸಬೇಕು. ಎರಡನೆಯದು, ಬೋಧನೆಗೆ ಗೌರವ ಕೊಡುವವರು ಬೋಧನೆಯನ್ನು ಕೇಳಬೇಕು. ಸಂಗೀತವನ್ನು ಕೇಳದೆ ಗಾಯಕನಿಗೆ ಬಿರುದು ಕೊಡುವವರುಂಟೆ? ಆಯ್ಕೆಯ ಸಮಿತಿಯವರು ಹಿಂದಿನ ಬೆಂಚಿನಲ್ಲಿ ಎರಡು ದಿನ ಕುಳಿತರೆ ನಾಲ್ಕು ಕಡತಗಳನ್ನು ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಮೂರನೆಯದು, ಶಿಷ್ಯರ ಅಭಿಪ್ರಾಯವನ್ನು ಪರೀಕ್ಷೆಯ ಮುಂಚಿನ ವಾರದಲ್ಲಿ ಕೇಳುವುದಕ್ಕಿಂತ, ಕಾಲೇಜು ಬಿಟ್ಟು ಹತ್ತು ವರ್ಷವಾದ ಮೇಲೆ ಕೇಳುವುದು ಮೇಲು. ಇಂದು ಕಠಿಣನೆನ್ನಿಸಿದವನು ಅಂದು ಪ್ರಿಯನಾಗಿರಬಹುದು. ಇಂದು ನಗಿಸಿದವನ ಹೆಸರೇ ಅಂದು ನೆನಪಿಗೆ ಬಾರದಿರಬಹುದು. ಕಲಿತದ್ದರಲ್ಲಿ ಉಳಿದದ್ದು ಯಾವುದೆಂದು ಹೇಳಲು ಸ್ವಲ್ಪ ವಯಸ್ಸಾಗಬೇಕು.

ನಮ್ಮ ನಾಡಿನ ವಿಶ್ವವಿದ್ಯಾನಿಲಯಗಳ ಇತಿಹಾಸದಲ್ಲಿ ಎರಡು ಸಂಭಾವನೆಗಳು ನನಗೆ ಮತ್ತೆಮತ್ತೆ ನೆನಪಾಗುತ್ತವೆ. ಒಂದು, 1921ರಲ್ಲಿ ನಡೆದದ್ದು. ಮೈಸೂರಿನಲ್ಲಿ ಮೂರು ವರ್ಷ ತತ್ತ್ವಶಾಸ್ತ್ರವನ್ನು ಬೋಧಿಸಿದ ರಾಧಾಕೃಷ್ಣನ್ ಅವರು ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಸಾರೋಟನ್ನು ಹೂವಿನಿಂದ ಅಲಂಕರಿಸಿ, ಕುದುರೆಗಳನ್ನು ಬಿಚ್ಚಿ, ತಾವೇ ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಅದಕ್ಕೆ ಸಮಿತಿಯಿರಲಿಲ್ಲ, ನಮೂನೆಯಿರಲಿಲ್ಲ.

ಇನ್ನೊಂದು ಇದಕ್ಕಿಂತ ಮೌನವಾದುದು. ಮಹಾರಾಜ ಕಾಲೇಜಿನ ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಅವರು ಬರೆದದ್ದಕ್ಕಿಂತ ಇತರರಿಂದ ಬರೆಯಿಸಿದ್ದೇ ಹೆಚ್ಚೆಂದು ಹಿರಿಯರು ಹೇಳುತ್ತಿದ್ದರು. ಇಂದಿನ ಅಂಕಪಟ್ಟಿಯಲ್ಲಿ ಅವರಿಗೆ ಯಾವ ಸ್ಥಾನ ಸಿಕ್ಕುತ್ತಿತ್ತೋ ನಾನು ಊಹಿಸಲಾರೆ. ಅವರು ತೀರಿಕೊಂಡು ಹತ್ತು ವರ್ಷಗಳ ಮೇಲೆ, 1949ರಲ್ಲಿ, ‘ಶ್ರೀರಾಮಾಯಣದರ್ಶನಂ’ ಪ್ರಕಟವಾಯಿತು. ಕುವೆಂಪು ಆ ಮಹಾಕಾವ್ಯವನ್ನು ಅರ್ಪಿಸಿದ್ದು ತಮ್ಮ ಗುರು ವೆಂಕಣ್ಣಯ್ಯನವರಿಗೆ. ಆ ಕಾವ್ಯಕ್ಕೆ ಮುಂದೆ ಜ್ಞಾನಪೀಠ ಪ್ರಶಸ್ತಿ ಬಂದಿತು. ಶಿಷ್ಯ ಅದೇ ವಿಶ್ವವಿದ್ಯಾನಿಲಯದ ಕುಲಪತಿಯೂ ಆಗಿದ್ದರು. ಆದರೆ ಆ ಪುಸ್ತಕವನ್ನು ತೆರೆದವನಿಗೆ ಮೊದಲು ಎದುರಾಗುವುದು ಒಬ್ಬ ಮೇಷ್ಟರ ಹೆಸರು.

ಎಲ್ಲ ಶಿಷ್ಯರೂ ಮಹಾಕಾವ್ಯ ಬರೆಯಲಾರರು. ಎಲ್ಲರೂ ಸಾರೋಟು ಎಳೆಯಲಾರರು. ಇದನ್ನು ಕೇಳುತ್ತಿರುವ ನಿಮಗೆ ಯಾವನೋ ಒಬ್ಬ ಅಧ್ಯಾಪಕನ ಒಂದು ಪಾಠ ಇನ್ನೂ ನೆನಪಿನಲ್ಲಿದ್ದರೆ, ಆತ ಬದುಕಿದ್ದರೆ, ಒಂದು ಕಾಗದ ಬರೆಯಿರಿ. ಯಾವ ಪಾಠವೆಂಬುದನ್ನೂ ಬರೆಯಿರಿ. ನಾನು ಸಮಿತಿಯಲ್ಲಿ ಹೇಳದೆ ಉಳಿಸಿದ ಮಾತು ಅಷ್ಟೇ ಆಗಿತ್ತು: ‘ಕೇಳಿದ್ದೇನೆ, ನನಗೆ ನೆನಪಿದೆ.’

(ಆಕಾಶವಾಣಿ ಭಾಷಣ)